ಆರದ ಹಳದಿ ದೀಪ: ಮೊದಲು ಗಾಳಿ, ಕೊನೆಗೆ ಸೆನ್ಸರ್

ಮೇ ತಿಂಗಳಲ್ಲಿ 40 ಡಿಗ್ರಿ ದಾಟಿ ಕಾಯುವ ಗುಜರಾತಿನ ವಡೋದರಾ, ಜನವರಿಯ ಉತ್ತರಾಯಣದ ಹೊತ್ತಿಗೆ ನಸುಕಿನಲ್ಲಿ 12 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ರಾತ್ರಿಯಿಡೀ ಅಲ್ಲಿನ ಫತೇಗಂಜ್ ಬಡಾವಣೆಯ ಬೀದಿಬದಿಯಲ್ಲಿ ನಿಂತಿದ್ದ ಕಾರು ಬೆಳಗ್ಗೆ ಚಾಲೂ ಆದಾಗ ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ದೀಪ ಹೊತ್ತಿಕೊಳ್ಳುವುದು ಈ ದಿನಗಳಲ್ಲೇ ಹೆಚ್ಚು. ಲಾಳದ ಆಕಾರದ ಗೆರೆ, ಅದರ ನಡುವೆ ಉದ್ಗಾರ ಚಿಹ್ನೆ. ಟೈರಿನಲ್ಲಿ ಗಾಳಿ ಕಡಿಮೆಯಾಗಿದೆ ಎಂಬ ಎಚ್ಚರಿಕೆ ಅದು. ಕೆಲವು ಕಾರುಗಳಲ್ಲಿ ಮಧ್ಯಾಹ್ನದ ಬಿಸಿಲೇರಿದಾಗ ತಾನಾಗಿ ಆರುತ್ತದೆ. ಇನ್ನು ಕೆಲವುಗಳಲ್ಲಿ ಗಾಳಿ ಹಾಕಿಸಿದರೂ ಆರುವುದಿಲ್ಲ. ಆರಿದಂತೆ ಮಾಡಿ, ವಾರ ಕಳೆಯುವಷ್ಟರಲ್ಲಿ ಮತ್ತೆ ಹೊತ್ತಿಕೊಳ್ಳುವುದೂ ಉಂಟು.

ಹೀಗೆ ಆರದೆ ಉಳಿದ ದೀಪವನ್ನು ‘ಸೆನ್ಸರ್ ಕೆಟ್ಟಿರಬೇಕು’ ಎಂದು ಬಿಟ್ಟುಬಿಡುವವರಿದ್ದಾರೆ. ಅದು ಆರುವವರೆಗೂ ಗಾಳಿ ತುಂಬಿಸುತ್ತ ಹೋಗುವವರಿದ್ದಾರೆ. ಏನನ್ನೂ ಪರೀಕ್ಷಿಸದೆ ಹೊಸ ಸೆನ್ಸರಿಗೆ ದುಡ್ಡು ಕೊಡುವವರೂ ಇದ್ದಾರೆ. ಮೊದಲ ಎರಡು ದಾರಿಗಳು ಅಪಾಯಕ್ಕೆ ಒಯ್ಯುತ್ತವೆ, ಮೂರನೆಯದು ಎಷ್ಟೋ ಸಲ ಬರೀ ದಂಡ. ಆರದ ದೀಪಕ್ಕೆ ಕಾರಣವೊಂದು ಇದ್ದೇ ಇರುತ್ತದೆ. ಕ್ರಮ ತಪ್ಪದೆ ಹುಡುಕಿದರೆ ಅದು ಸಿಗುತ್ತದೆ. ಮೊದಲು ಗಾಳಿ, ಆಮೇಲೆ ಸೋರಿಕೆ, ನಂತರ ಕಾರಿನ ಕಂಪ್ಯೂಟರ್, ಕೊನೆಗೆ ಸೆನ್ಸರ್. ಈ ಸಾಲು ಹಿಂದುಮುಂದಾದಾಗಲೇ ಹಣವೂ ಸಮಯವೂ ಪೋಲಾಗುವುದು.

ವಡೋದರಾ ಟೈರಿನೊಂದಿಗೆ ನಂಟಿರುವ ಊರು. ಸಮೀಪದ ಲಿಮ್ಡಾದಲ್ಲಿ ಅಪೊಲೊ ಟೈರ್ ಕಾರ್ಖಾನೆಯಿದೆ, ಹಾಲೋಲ್‌ನಲ್ಲಿ ಸಿಯೆಟ್‌ನದಿದೆ. ಅದೇ ಹಾಲೋಲ್‌ನಲ್ಲಿ ಎಂಜಿ ಕಾರುಗಳು ತಯಾರಾಗುತ್ತವೆ. ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯಕ್ಕೆ ಹೊಂದಿಕೊಂಡಿರುವ ಫತೇಗಂಜ್‌ನಿಂದ ಉತ್ತರಕ್ಕೆ ಹೊರಟವರಿಗೆ 93 ಕಿಲೋಮೀಟರ್ ಉದ್ದದ ಅಹಮದಾಬಾದ್–ವಡೋದರಾ ಎಕ್ಸ್‌ಪ್ರೆಸ್‌ವೇ ಸಿಗುತ್ತದೆ. ದಕ್ಷಿಣಕ್ಕೆ ಭರೂಚ್, ಸೂರತ್ ಕಡೆ ಒಯ್ಯುವುದು ರಾಷ್ಟ್ರೀಯ ಹೆದ್ದಾರಿ 48. ಮುಂಬೈ, ಪುಣೆ ದಾಟಿ ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ತುಮಕೂರಿನ ಮೂಲಕ ಬೆಂಗಳೂರು ತಲುಪುವುದೂ ಇದೇ ಹೆದ್ದಾರಿ. ಗುಜರಾತಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ರಜೆಗೆ ಕಾರಿನಲ್ಲಿ ಊರಿಗೆ ಹೊರಟರೆ ಹಿಡಿಯುವ ರಸ್ತೆ ಇದು. ಇಷ್ಟು ದೂರವನ್ನು ಹೆದ್ದಾರಿಯ ವೇಗದಲ್ಲಿ ಸಾಗುವವರಿಗೆ ಆ ಹಳದಿ ದೀಪ ಏನು ಹೇಳುತ್ತಿದೆ ಎಂಬುದು ತಿಳಿದಿರಲೇಬೇಕು.

ನೇರವಾಗಿ ಅಳೆಯುವುದು, ಲೆಕ್ಕ ಹಾಕಿ ಊಹಿಸುವುದು

ಟೈರ್ ಒತ್ತಡದ ಮೇಲೆ ಕಣ್ಣಿಡುವ ಈ ವ್ಯವಸ್ಥೆಗೆ ಟಿಪಿಎಂಎಸ್ ಎನ್ನುತ್ತಾರೆ. ಇದರಲ್ಲಿ ಎರಡು ಬಗೆ. ನಿಮ್ಮ ಕಾರಿನಲ್ಲಿರುವುದು ಯಾವುದೆಂದು ಗೊತ್ತಾಗದೆ ಹುಡುಕಾಟ ಶುರುವಾಗದು.

ಮೊದಲನೆಯದು ನೇರ ಬಗೆ. ಪ್ರತಿ ಚಕ್ರದ ಒಳಗೆ, ಸಾಮಾನ್ಯವಾಗಿ ವಾಲ್ವಿನ ಬುಡಕ್ಕೆ ಸೇರಿಸಿ, ಒಂದು ಪುಟ್ಟ ಸೆನ್ಸರ್ ಕೂರಿಸಿರುತ್ತಾರೆ. ಅದರಲ್ಲಿ ಒತ್ತಡ ಅಳೆಯುವ ಚಿಪ್, ಲಿಥಿಯಂ ಬ್ಯಾಟರಿ, ರೇಡಿಯೊ ಪ್ರೇಷಕ ಎಲ್ಲವೂ ಇವೆ. ಚಕ್ರ ತಿರುಗತೊಡಗಿದಾಗ ಎಚ್ಚರಗೊಂಡು ಆಗಾಗ ಒತ್ತಡದ ಅಂಕಿಯನ್ನೂ ತನ್ನ ಗುರುತಿನ ಸಂಖ್ಯೆಯನ್ನೂ ಕಾರಿಗೆ ಕಳಿಸುತ್ತದೆ. ಡ್ಯಾಶ್‌ಬೋರ್ಡಿನ ಪರದೆಯಲ್ಲಿ ನಾಲ್ಕೂ ಟೈರುಗಳ ಅಂಕಿ ಬೇರೆಬೇರೆಯಾಗಿ ಕಾಣಿಸುವುದಿದ್ದರೆ ಅದು ಈ ಬಗೆಯದು.

ಎರಡನೆಯದರಲ್ಲಿ ಟೈರಿನೊಳಗೆ ಏನೂ ಇರುವುದಿಲ್ಲ. ಗಾಳಿ ಕಡಿಮೆಯಾದ ಟೈರಿನ ಉರುಳುವ ಸುತ್ತಳತೆ ತುಸು ಕಿರಿದಾಗುತ್ತದೆ. ಹಾಗಾಗಿ ಅದು ಅದೇ ದೂರಕ್ಕೆ ಉಳಿದವುಗಳಿಗಿಂತ ಸ್ವಲ್ಪ ಹೆಚ್ಚು ಸುತ್ತು ಹಾಕಬೇಕಾಗುತ್ತದೆ. ಎಬಿಎಸ್ ಬ್ರೇಕಿಗೆಂದು ಪ್ರತಿ ಚಕ್ರದ ಬಳಿ ಹೇಗೂ ಇರುವ ವೇಗದ ಸೆನ್ಸರುಗಳಿಂದಲೇ ಕಂಪ್ಯೂಟರ್ ಆ ವ್ಯತ್ಯಾಸವನ್ನು ಲೆಕ್ಕ ಹಾಕುತ್ತದೆ. 2019ರ ಏಪ್ರಿಲ್‌ನಿಂದ ಭಾರತದಲ್ಲಿ ಮಾರಾಟವಾಗುವ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಗಿರುವುದರಿಂದ ಈ ಬಗೆಗೆ ಬೇಕಾದ ಯಂತ್ರಾಂಗ ಕಾರಿನಲ್ಲಿ ಮೊದಲೇ ಇರುತ್ತದೆ. ಇದರ ಮಿತಿಯನ್ನು ಮಾತ್ರ ಮರೆಯಬಾರದು: ಒಂದು ಟೈರನ್ನು ಇನ್ನೊಂದಕ್ಕೆ ಹೋಲಿಸಿ ನೋಡುವ ವ್ಯವಸ್ಥೆಗೆ ನಾಲ್ಕೂ ಟೈರು ಸಮಸಮವಾಗಿ ಇಳಿದುಹೋದರೆ ಅದು ಕಾಣದೆ ಹೋಗಬಹುದು.

ಹೊತ್ತುವ ರೀತಿಯನ್ನು ಗಮನಿಸಿ

ಕಾರು ಚಾಲೂ ಮಾಡಿದ ಮೊದಲ ಒಂದೂವರೆ ನಿಮಿಷ ಆ ದೀಪವನ್ನು ನೋಡಿ. ಹೊತ್ತಿದ್ದು ಅಲುಗದೆ ಹಾಗೇ ಉರಿಯುತ್ತಿದ್ದರೆ ಒಂದಲ್ಲ ಒಂದು ಟೈರಿನಲ್ಲಿ ಗಾಳಿ ಕಡಿಮೆ ಇದೆ ಎಂದರ್ಥ. ಒಂದು ನಿಮಿಷದಿಂದ ಒಂದೂವರೆ ನಿಮಿಷದವರೆಗೆ ಮಿಣುಕಿ, ನಂತರ ಸ್ಥಿರವಾಗಿ ನಿಂತರೆ ಗಾಳಿಯ ಮಾತು ಹಾಗಿರಲಿ, ವ್ಯವಸ್ಥೆಗೇ ದೋಷ ಬಂದಿದೆ ಎಂದರ್ಥ: ಸೆನ್ಸರಿನ ಬ್ಯಾಟರಿ ಮುಗಿದಿರಬಹುದು, ಅದರ ಸಂಕೇತ ಕಾರಿಗೆ ತಲುಪದಿರಬಹುದು, ವೈರು ಕೆಟ್ಟಿರಬಹುದು. ಬಹುಪಾಲು ಕಾರುಗಳು ಈ ಪದ್ಧತಿಯನ್ನು ಪಾಲಿಸುತ್ತವೆ. ನಿಮ್ಮ ಕಾರಿನ ಕೈಪಿಡಿಯಲ್ಲಿ ಒಮ್ಮೆ ಖಚಿತಪಡಿಸಿಕೊಳ್ಳಿ. ಗ್ಯಾರೇಜಿಗೆ ಹೋದಾಗ ‘ದೀಪ ಆರುತ್ತಿಲ್ಲ’ ಎನ್ನುವುದಕ್ಕಿಂತ ‘ಮೊದಲು ಮಿಣುಕಿ ಆಮೇಲೆ ನಿಲ್ಲುತ್ತದೆ’ ಎಂದು ಹೇಳಿದರೆ ಅರ್ಧ ಕೆಲಸ ಮುಗಿದಂತೆ.

ಸೋರದೆಯೂ ಇಳಿಯುವ ಒತ್ತಡ

ಮುಚ್ಚಿದ ಪಾತ್ರೆಯೊಳಗಿನ ಅನಿಲ ತಣ್ಣಗಾದಂತೆ ಅದರ ಒತ್ತಡ ಇಳಿಯುತ್ತದೆ. ಕಾರಿನ ಟೈರಿನಲ್ಲಿ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಇಳಿಕೆಗೆ ಸುಮಾರು ಒಂದೂವರೆ ಪಿಎಸ್‌ಐ (ಬಂಕಿನಲ್ಲಿ ಗಾಳಿಯ ಒತ್ತಡ ಅಳೆಯುವ ಮಾನ) ಕಡಿಮೆಯಾಗುತ್ತದೆ. ವಡೋದರಾದಲ್ಲಿ ಮೇ ತಿಂಗಳ 41 ಡಿಗ್ರಿಯ ಮಧ್ಯಾಹ್ನ 33 ಪಿಎಸ್‌ಐ ತುಂಬಿಸಿದ ಟೈರು, ಒಂದು ತೊಟ್ಟೂ ಸೋರದಿದ್ದರೂ, ಜನವರಿಯ 12 ಡಿಗ್ರಿಯ ನಸುಕಿನಲ್ಲಿ 28.5ರ ಹತ್ತಿರ ತೋರಿಸುತ್ತದೆ. ಇದರ ಮೇಲೆ, ಯಾವ ದೋಷವೂ ಇಲ್ಲದ ಟೈರಿನ ರಬ್ಬರಿನ ಮೂಲಕವೇ ತಿಂಗಳಿಗೆ ಸುಮಾರು ಒಂದು ಪಿಎಸ್‌ಐ ಜಿನುಗಿ ಹೋಗುತ್ತಿರುತ್ತದೆ. ಬೇಸಿಗೆಯ ನಂತರ ಟೈರಿನ ಕಡೆ ತಿರುಗಿ ನೋಡದವರ ಕಾರಿನಲ್ಲಿ ಸಂಕ್ರಾಂತಿಯ ಹೊತ್ತಿಗೆ ದೀಪ ಹೊತ್ತುವುದು ಈ ಎರಡೂ ಸೇರಿ. ಚಳಿಗಾಲದ ಒಂದೇ ದಿನದಲ್ಲಿ ನಸುಕಿನ 12 ಡಿಗ್ರಿಯಿಂದ ಮಧ್ಯಾಹ್ನದ 29ಕ್ಕೆ ಏರುವಾಗ ಎರಡೂವರೆ ಪಿಎಸ್‌ಐನಷ್ಟು ವ್ಯತ್ಯಾಸ ಬರುತ್ತದೆ. ಬೆಳಗ್ಗೆ ಹೊತ್ತಿ ಮಧ್ಯಾಹ್ನ ಆರುವ ದೀಪಕ್ಕೆ ಇದೇ ಕಾರಣ. ಅದು ಆರಿತೆಂದು ಸಮಾಧಾನಪಡುವಂತಿಲ್ಲ. ಟೈರು ಅಂಚಿನ ಮೇಲೆ ನಿಂತಿದೆ ಎಂದೇ ತಿಳಿಯಬೇಕು.

ದಕ್ಷಿಣದಿಂದ ಬರುವವರು ಇನ್ನೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ವಡೋದರಾ ಬರೀ 40 ಮೀಟರ್‌ಗೂ ಕಡಿಮೆ. ಗಾಳಿ ನೋಡುವ ಗೇಜ್ ತೋರಿಸುವುದು ಟೈರಿನ ಒಳಗಿನ ಒತ್ತಡಕ್ಕೂ ಹೊರಗಿನ ವಾತಾವರಣದ ಒತ್ತಡಕ್ಕೂ ಇರುವ ಅಂತರವನ್ನು. ಕೆಳಗಿಳಿದಂತೆ ಹೊರಗಿನ ಒತ್ತಡ ಹೆಚ್ಚುವುದರಿಂದ ಬೆಂಗಳೂರಿನಲ್ಲಿ 33 ತೋರಿಸಿದ ಟೈರು ಅದೇ ಉಷ್ಣಾಂಶದಲ್ಲಿ ವಡೋದರಾದ ಗೇಜಿನಲ್ಲಿ 31.5 ತೋರಿಸುತ್ತದೆ. ಘಟ್ಟದ ಮೇಲಿನಿಂದ ಮಂಗಳೂರಿಗೋ ಕಾರವಾರಕ್ಕೋ ಇಳಿದವರಿಗೂ ಇದೇ ಲೆಕ್ಕ. ಊರು ತಲುಪಿದ ಮರುದಿನ ಬೆಳಗ್ಗೆ ಗಾಳಿ ಸರಿಮಾಡಿಕೊಳ್ಳುವುದೇ ಇದಕ್ಕೆ ಪರಿಹಾರ.

ಹುಡುಕಾಟದ ಕ್ರಮ

ಫತೇಗಂಜ್‌ನಲ್ಲಿ ಸೇನೆಯ ಇಎಂಇ ಶಾಲೆಯಿದೆ. ವಾಹನ, ಉಪಕರಣಗಳ ದುರಸ್ತಿಯ ಹೊಣೆ ಹೊತ್ತ ದಳದ ತರಬೇತಿ ಕೇಂದ್ರ ಅದು. ಅದರ ಆವರಣದಲ್ಲಿ ಅಲ್ಯೂಮಿನಿಯಂ ಹಾಳೆ ಹೊದ್ದ ಗುಮ್ಮಟದ ದೇವಸ್ಥಾನವೊಂದನ್ನು 1966ರಲ್ಲಿ ಬ್ರಿಗೇಡಿಯರ್ ಎ.ಎಫ್. ಯೂಜೀನ್ ಕಟ್ಟಿಸಿದರು. ಯಂತ್ರ ರಿಪೇರಿ ಮಾಡುವ ಸೈನಿಕರ ನಡುವೆ ಅಲ್ಲಿ ನೆಲೆಸಿರುವ ದೇವರು ದಕ್ಷಿಣಾಮೂರ್ತಿ, ಅರಿವು ಕೊಡುವ ಗುರು. ರಿಪೇರಿಯ ನಿಜವಾದ ಕ್ರಮವೂ ಅದೇ: ಮೊದಲು ಅರಿವು, ಆಮೇಲೆ ಸ್ಪ್ಯಾನರ್.

ಆದ್ದರಿಂದ ಮೊದಲ ಕೆಲಸ ಅಳೆಯುವುದು. ಚಾಲಕನ ಬಾಗಿಲು ತೆರೆದರೆ ಅದರ ಚೌಕಟ್ಟಿನ ಮೇಲೆ ತಯಾರಕರು ಅಂಟಿಸಿದ ಚೀಟಿ ಕಾಣುತ್ತದೆ. ಮುಂದಿನ, ಹಿಂದಿನ ಟೈರುಗಳಿಗೆ ಎಷ್ಟು ಗಾಳಿ ಬೇಕೆಂದು ಅದರಲ್ಲಿದೆ; ಕಾರಿನ ತುಂಬ ಜನ ಮತ್ತು ಸಾಮಾನು ಇದ್ದಾಗಿನ ಅಂಕಿ ಬೇರೆ ಇರುತ್ತದೆ. ಕಿಲೋಪಾಸ್ಕಲ್ ಅಥವಾ ಬಾರ್‌ನಲ್ಲಿ ಬರೆದಿದ್ದರೆ ಗಾಬರಿ ಬೇಡ: 230 ಕಿಲೋಪಾಸ್ಕಲ್, 2.3 ಬಾರ್ ಎಂದರೆ 33 ಪಿಎಸ್‌ಐ. ಟೈರಿನ ಪಕ್ಕೆಯ ಮೇಲೆ ಅಚ್ಚೊತ್ತಿರುವುದು ಆ ಟೈರು ತಡೆಯಬಲ್ಲ ಗರಿಷ್ಠ ಒತ್ತಡ, ಅದನ್ನು ನೋಡಿ ಗಾಳಿ ಹಾಕಿಸಬಾರದು. ಚೀಟಿಯ ಅಂಕಿ ತಣ್ಣಗಿರುವ ಟೈರಿನದು, ಅಂದರೆ ಕಾರು ಕನಿಷ್ಠ ಮೂರು ಗಂಟೆ ನಿಂತಿರಬೇಕು. ಓಡಿ ಬಂದ ಟೈರು ಬಿಸಿಯಾಗಿ ನಾಲ್ಕು ಪಿಎಸ್‌ಐವರೆಗೆ ಹೆಚ್ಚು ತೋರಿಸಬಹುದು. ಹೆದ್ದಾರಿಯಿಂದ ನೇರ ಬಂಕಿಗೆ ನುಗ್ಗಿ 33ಕ್ಕೆ ನಿಲ್ಲಿಸಿದ ಟೈರು ಮರುದಿನ ಬೆಳಗ್ಗೆ 29ಕ್ಕೆ ಬಂದಿರುತ್ತದೆ. ‘ನಿನ್ನೆಯಷ್ಟೇ ಗಾಳಿ ಹಾಕಿಸಿದೆ, ಇವತ್ತು ಮತ್ತೆ ದೀಪ’ ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇಷ್ಟೇ. ಬಂಕಿನ ಗೇಜ್ ಎಷ್ಟು ಸರಿಯೆಂದು ನಮಗೆ ತಿಳಿಯದು. ಆದ್ದರಿಂದ ಸ್ವಂತದ್ದೊಂದು ಗೇಜ್ ಕಾರಿನಲ್ಲಿರಲಿ. ಬೆಳಗ್ಗೆ ಮನೆ ಮುಂದೆಯೇ ನಾಲ್ಕೂ ಟೈರು ಅಳೆದು ಬರೆದಿಡಿ. ಸ್ಟೆಪ್ನಿಯನ್ನೂ ನೋಡಿ, ಕೆಲವು ಮಾದರಿಗಳಲ್ಲಿ ಅದರಲ್ಲೂ ಸೆನ್ಸರ್ ಇರುತ್ತದೆ, ದೀಪ ಹೊತ್ತಿಸುತ್ತಿರುವುದು ಅದೇ ಆಗಿರಬಹುದು.

ನಾಲ್ಕರಲ್ಲಿ ಮೂರು ಟೈರು ಹೆಚ್ಚುಕಡಿಮೆ ಸಮ ಇದ್ದು ಒಂದೇ ಒಂದು ಪ್ರತಿ ವಾರ ಹಿಂದೆ ಬೀಳುತ್ತಿದ್ದರೆ ಅದು ಸೋರಿಕೆ. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಹೊಕ್ಕರೂ ಒಮ್ಮೆಗೇ ಗಾಳಿ ಇಳಿಯುವುದಿಲ್ಲ; ಮೊಳೆಯೇ ತೂತಿಗೆ ಬಿರಡೆಯಾಗಿ ನಿಂತು ದಿನಕ್ಕಿಷ್ಟು ಎಂದು ಜಿನುಗುತ್ತದೆ. ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುವ ಜಾಗ ಕಾಣುತ್ತದೆ. ನಾಲ್ಕು ಕಡೆ ನೋಡಬೇಕು: ನೆಲಕ್ಕೆ ತಾಗುವ ಭಾಗ, ಹಳೆಯ ಪಂಕ್ಚರಿಗೆ ತುರುಕಿದ ಪಟ್ಟಿ, ವಾಲ್ವಿನ ತುದಿ ಹಾಗೂ ಬುಡ, ಮತ್ತು ಟೈರು ರಿಮ್ಮಿಗೆ ಕೂರುವ ಅಂಚು. ಈ ಕೊನೆಯದು ಕಣ್ತಪ್ಪುವುದೇ ಹೆಚ್ಚು. ಅಲಾಯ್ ರಿಮ್ಮಿನ ಅಂಚಿನಲ್ಲಿ ಕಿಲುಬು ಹಿಡಿದರೆ, ಗುಂಡಿಗೆ ಬಿದ್ದು ರಿಮ್ ಕೊಂಚ ಬಾಗಿದರೆ, ಟೈರಿನಲ್ಲಿ ಒಂದು ತೂತೂ ಇಲ್ಲದೆ ಗಾಳಿ ಹೋಗುತ್ತಿರುತ್ತದೆ. ಕಿಲುಬೇ ಕಾರಣವಾದರೆ ಟೈರು ಬಿಚ್ಚಿ ರಿಮ್ಮಿನ ಅಂಚನ್ನು ಉಜ್ಜಿ ಚೊಕ್ಕಟ ಮಾಡಿ ಮತ್ತೆ ಕೂರಿಸಿದರೆ ಸರಿಹೋಗುತ್ತದೆ.

ಗಾಳಿ ಸರಿಯಿದೆ, ಸೋರಿಕೆಯೂ ಇಲ್ಲ, ಆದರೂ ದೀಪ ಉರಿಯುತ್ತಿದೆ ಎಂದಾದರೆ ಕಾರಿನ ಕಂಪ್ಯೂಟರ್ ಕಡೆ ತಿರುಗಬೇಕು. ಲೆಕ್ಕ ಹಾಕುವ ಬಗೆಯ ಕಾರಿನಲ್ಲಿ ಗಾಳಿ ಸರಿಮಾಡಿದ ಮೇಲೆ ಗುಂಡಿ ಒತ್ತಿಯೋ ಪರದೆಯ ಮೆನುವಿನಿಂದಲೋ ರೀಸೆಟ್ ಮಾಡಬೇಕು. ‘ಇದೇ ಸರಿಯಾದ ಸ್ಥಿತಿ’ ಎಂದು ಅದಕ್ಕೆ ಕಲಿಸುವ ಕ್ರಿಯೆ ಅದು. ಗಾಳಿ ನೋಡದೆ ಬರೀ ದೀಪ ಆರಿಸಲು ರೀಸೆಟ್ ಒತ್ತಿದರೆ ಕಡಿಮೆ ಗಾಳಿಯನ್ನೇ ಅದು ಸರಿಯೆಂದು ಕಲಿತುಬಿಡುತ್ತದೆ. ಇನ್ನು ಮುಂದೆ ಆ ವ್ಯವಸ್ಥೆ ಇದ್ದೂ ಇಲ್ಲದಂತೆ. ಒಂದೇ ಟೈರು ಹೊಸದು ಹಾಕಿಸಿದಾಗ, ಬೇರೆ ಅಳತೆಯ ಟೈರು ಸೇರಿದಾಗಲೂ ಸುತ್ತಳತೆಯ ವ್ಯತ್ಯಾಸದಿಂದ ಇಂಥ ಕಾರುಗಳಲ್ಲಿ ಸುಳ್ಳು ಎಚ್ಚರಿಕೆ ಬರಬಹುದು.

ನೇರ ಬಗೆಯಲ್ಲಿ ಪ್ರತಿ ಸೆನ್ಸರಿನ ಗುರುತಿನ ಸಂಖ್ಯೆ ಕಾರಿನಲ್ಲಿ ದಾಖಲಾಗಿರಬೇಕು. ಸೆನ್ಸರ್ ಬದಲಿಸಿದಾಗ ಅದನ್ನು ಕಾರಿಗೆ ಹೊಸದಾಗಿ ಪರಿಚಯಿಸಬೇಕಾಗುತ್ತದೆ. ಟೈರುಗಳನ್ನು ಹಿಂದುಮುಂದು ಮಾಡಿಸಿದಾಗ ಕೆಲವು ಕಾರುಗಳು ತಾವಾಗಿ ಕಲಿಯುತ್ತವೆ, ಕೆಲವಕ್ಕೆ ಸ್ಕ್ಯಾನರ್ ಜೋಡಿಸಿ ಕಲಿಸಬೇಕು. ಕಲಿಸದಿದ್ದರೆ ಮುಂದಿನ ಎಡ ಟೈರಿಗೆ ಗಾಳಿ ಬೇಕಿದ್ದಾಗ ಪರದೆ ಹಿಂದಿನ ಎಡ ಟೈರನ್ನು ತೋರಿಸುತ್ತದೆ. ನೀವು ತಪ್ಪು ಟೈರಿಗೆ ತುಂಬಿಸುತ್ತಲೇ ಇರುತ್ತೀರಿ, ದೀಪ ಆರುವುದೇ ಇಲ್ಲ. ಇನ್ನೂ ಒಂದು ಸಂಗತಿ: ನಿಂತ ಕಾರಿನ ಸೆನ್ಸರ್ ಬ್ಯಾಟರಿ ಉಳಿಸಲು ನಿದ್ರೆಯಲ್ಲಿರುತ್ತದೆ. ಗಾಳಿ ಹಾಕಿಸಿದ ತಕ್ಷಣ ದೀಪ ಆರಲಿಲ್ಲವೆಂದು ಮತ್ತಷ್ಟು ತುಂಬಿಸಬೇಡಿ. ಸಂಜೆಯ ಫತೇಗಂಜ್ ದಟ್ಟಣೆಯಲ್ಲಿ ತೆವಳುವಾಗ ಅದು ಎಚ್ಚರಗೊಳ್ಳದೆಯೂ ಇರಬಹುದು. ತೆರೆದ ರಸ್ತೆಯಲ್ಲಿ ಕೆಲವು ಕಿಲೋಮೀಟರ್ ಓಡಿಸಿ ನೋಡಿ.

ಇಷ್ಟೆಲ್ಲ ಮುಗಿದ ಮೇಲೆ ಸೆನ್ಸರ್ ಸರದಿ. ಅದರ ಬ್ಯಾಟರಿಯ ಆಯುಸ್ಸು ಸಾಮಾನ್ಯವಾಗಿ 5ರಿಂದ 10 ವರ್ಷ. ಬ್ಯಾಟರಿಯನ್ನು ಒಳಗೇ ಮುಚ್ಚಿ ಮಾಡಿರುವುದರಿಂದ ಅದನ್ನಷ್ಟೇ ಬದಲಿಸಲಾಗದು, ಸೆನ್ಸರನ್ನೇ ಬದಲಿಸಬೇಕು. ಯಾವುದು ಸತ್ತಿದೆ ಎಂದು ಸ್ಕ್ಯಾನರ್ ತೋರಿಸುತ್ತದೆ. ಆ ಪರೀಕ್ಷೆ ಮಾಡದೆ ನಾಲ್ಕನ್ನೂ ಬದಲಿಸೋಣ ಎನ್ನುವವರ ಮಾತಿಗೆ ಒಪ್ಪಬೇಡಿ. ಆದರೆ ಕಾರಿಗೆ ಏಳೆಂಟು ವರ್ಷವಾಗಿ ಒಂದು ಸೆನ್ಸರ್ ಸತ್ತಿದ್ದರೆ ಉಳಿದವೂ ಅದೇ ವಯಸ್ಸಿನವು. ಹೊಸ ಟೈರು ಹಾಕಿಸುವಾಗ ಒಟ್ಟಿಗೆ ಬದಲಿಸಿದರೆ ಟೈರು ಬಿಚ್ಚುವ ಕೂಲಿ ಉಳಿಯುತ್ತದೆ.

ಸೆನ್ಸರ್ ಅಕಾಲದಲ್ಲಿ ಸಾಯುವುದು ಹೆಚ್ಚಾಗಿ ಟೈರು ಬಿಚ್ಚುವ ಜಾಗದಲ್ಲಿ. ವಾಲ್ವಿನ ಬಳಿ ಟೈರ್ ಲಿವರ್ ಹಾಕಿ ಮೀಟಿದರೆ ಅದು ಮುರಿಯುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಚಕ್ರ ಇಳಿಸುವ ಮೊದಲೇ ಹೇಳಿಬಿಡಿ. ಫತೇಗಂಜ್‌ನಲ್ಲಾದರೆ ಗುಜರಾತಿಯಲ್ಲಿ ‘ಅಂದರ್ ಸೆನ್ಸರ್ ಛೆ ಭಾಈ, ಧ್ಯಾನ್ ರಾಖ್‌ಜೊ’ (ಒಳಗೆ ಸೆನ್ಸರ್ ಇದೆ ಅಣ್ಣ, ಜೋಪಾನ) ಎಂದರೆ ಸಾಕು. ಟೈರಿನೊಳಗೆ ಸುರಿಯುವ ಪಂಕ್ಚರ್ ದ್ರಾವಣ ಸೆನ್ಸರಿನ ಗಾಳಿಕಂಡಿಯನ್ನು ಮುಚ್ಚಿಬಿಡಬಹುದು. ಇನ್ನು ಅಲ್ಯೂಮಿನಿಯಂ ವಾಲ್ವಿಗೆ ಸಾದಾ ಹಿತ್ತಾಳೆಯ ಒಳಪಿನ್ನು ಅಥವಾ ಅಂದದ ಲೋಹದ ಮುಚ್ಚಳ ಹಾಕಿದರೆ ಎರಡು ಲೋಹಗಳ ನಡುವೆ ತೇವ ಸೇರಿ ಕಿಲುಬು ಕಟ್ಟುತ್ತದೆ. ತೆಗೆಯಹೋದರೆ ವಾಲ್ವೇ ಮುರಿದು ಬರುತ್ತದೆ. ಸೂರತ್‌ನಿಂದ ಮಂಗಳೂರಿನವರೆಗೆ ಕರಾವಳಿಯ ಉಪ್ಪುಗಾಳಿಯಲ್ಲಿ ಇದು ಇನ್ನೂ ಬೇಗ. ನಿಕಲ್ ಲೇಪದ ಒಳಪಿನ್ನು, ಪ್ಲಾಸ್ಟಿಕ್ ಮುಚ್ಚಳವೇ ಸರಿ.

ವಡೋದರಾದವರಿಗೆ ನೀರಿನ ಅನುಭವವೂ ಇದೆ. 2024ರ ಆಗಸ್ಟ್ ಕೊನೆಯಲ್ಲಿ ವಿಶ್ವಾಮಿತ್ರಿ ನದಿ ಉಕ್ಕಿ ನಗರದೊಳಗೆ ನುಗ್ಗಿ ಎಷ್ಟೋ ಕಾರುಗಳು ಮುಳುಗಿದವು. ಹಾಗೆ ನೆನೆದ ಕಾರಿನಲ್ಲಿ ಟೈರಿನೊಳಗಿನ ಸೆನ್ಸರ್ ಸಾಮಾನ್ಯವಾಗಿ ಪಾರಾಗಿರುತ್ತದೆ, ಅದರ ಸುತ್ತ ಒತ್ತಡದ ಗಾಳಿಯಿರುವುದರಿಂದ ನೀರು ಒಳಗೆ ಬಾರದು. ಕೆಡುವುದು ಹೊರಗಿನವು: ಸಂಕೇತ ಹಿಡಿಯುವ ಘಟಕ, ಎಬಿಎಸ್ ಸೆನ್ಸರುಗಳ ವೈರಿನ ಜೋಡಣೆ. ಟೈರ್ ದೀಪದ ಜತೆ ಎಬಿಎಸ್ ದೀಪವೂ ಹೊತ್ತಿದ್ದರೆ ಗಾಳಿಯ ಗೋಜಿಗಿಂತ ಮೊದಲು ಆ ಜೋಡಣೆಗಳನ್ನು ಪರೀಕ್ಷಿಸಬೇಕು.

ನೈಟ್ರೋಜನ್ ತುಂಬಿಸಿದರೆ ಈ ಕಾಟವೇ ಇರದು ಎಂಬ ಮಾತು ಬಂಕುಗಳಲ್ಲಿ ಕೇಳಿಬರುತ್ತದೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ. ಶುದ್ಧ ನೈಟ್ರೋಜನ್ ತುಸು ನಿಧಾನವಾಗಿ ಜಿನುಗುತ್ತದೆ ನಿಜ, ಆದರೆ ಚಳಿಗೆ ಅದರ ಒತ್ತಡವೂ ಗಾಳಿಯಷ್ಟೇ ಇಳಿಯುತ್ತದೆ. ಮೊಳೆಯ ತೂತಿಗೆ ಅದು ಮದ್ದಲ್ಲ.

ದೀಪ ಬಂದದ್ದು ಸಾವುಗಳ ನಂತರ

ಈ ದೀಪ ಕಾನೂನಾಗಿ ಬಂದದ್ದು ದುರಂತದ ಬೆನ್ನಿಗೆ. 2000ದ ಆಗಸ್ಟ್‌ನಲ್ಲಿ ಅಮೆರಿಕದ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟೈರುಗಳನ್ನು ವಾಪಸು ಕರೆಸಿಕೊಂಡಿತು. ಅವುಗಳಲ್ಲಿ ಹೆಚ್ಚಿನವು ಫೋರ್ಡ್ ಎಕ್ಸ್‌ಪ್ಲೋರರ್ ವಾಹನದಲ್ಲಿದ್ದವು. ಓಡುವಾಗಲೇ ಟೈರಿನ ಮೇಲ್ಪದರ ಕಿತ್ತುಬಂದು ವಾಹನ ಪಲ್ಟಿಯಾಗುತ್ತಿತ್ತು. ಸತ್ತವರು ಇನ್ನೂರಕ್ಕೂ ಹೆಚ್ಚು. ಟೈರಿನ ತಯಾರಿಕಾ ದೋಷದ ಜತೆಗೆ ಫೋರ್ಡ್ ಸೂಚಿಸಿದ್ದ 26 ಪಿಎಸ್‌ಐ ಒತ್ತಡವೂ ವಿವಾದಕ್ಕೀಡಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಅಲ್ಲಿ ಹೊಸ ಕಾಯ್ದೆ ಬಂತು. ಅದರಂತೆ 2007ರ ಸೆಪ್ಟೆಂಬರ್ ಹೊತ್ತಿಗೆ ಎಲ್ಲ ಹೊಸ ಕಾರುಗಳಿಗೂ ಈ ದೀಪ ಕಡ್ಡಾಯವಾಯಿತು. ಯುರೋಪಿನಲ್ಲಿ 2014ರ ನವೆಂಬರ್‌ನಿಂದ ಎಲ್ಲ ಹೊಸ ಕಾರುಗಳಿಗೂ ಬಂತು.

ಭಾರತದಲ್ಲಿ ಎಲ್ಲ ಕಾರುಗಳಿಗೂ ಕಡ್ಡಾಯವಿಲ್ಲ. ಆದರೆ 2020ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಬಂದ ತಿದ್ದುಪಡಿ ಒಂದು ಮಹತ್ವದ ಬದಲಾವಣೆ ಮಾಡಿತು: ಟ್ಯೂಬ್‌ಲೆಸ್ ಟೈರು, ಪಂಕ್ಚರ್ ರಿಪೇರಿ ಕಿಟ್ ಮತ್ತು ಟಿಪಿಎಂಎಸ್ ಇರುವ ಕಾರಿಗೆ ಸ್ಟೆಪ್ನಿ ಬೇಕಿಲ್ಲ. ಅಂದರೆ ಇಂಥ ಕಾರಿನಲ್ಲಿ ಸ್ಟೆಪ್ನಿಯ ಭರವಸೆಯ ಜಾಗವನ್ನು ಆ ದೀಪ ತುಂಬಿದೆ. ಅದನ್ನು ಕೆಟ್ಟುಹೋಗಲು ಬಿಟ್ಟರೆ ಸ್ಟೆಪ್ನಿಯೂ ಇಲ್ಲ, ಎಚ್ಚರಿಕೆಯೂ ಇಲ್ಲ.

ಗಾಳಿ ಕಡಿಮೆಯಿರುವ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಅತಿಯಾಗಿ ಮಡಚಿ ಬಿಚ್ಚಿಕೊಳ್ಳುತ್ತದೆ. ಆ ಮಡಿಕೆಯಿಂದ ಶಾಖ, ಶಾಖದಿಂದ ರಬ್ಬರ್ ಮತ್ತು ಒಳಪದರಗಳ ಬೆಸುಗೆ ಸಡಿಲ. ಊರೊಳಗಿನ ನಿಧಾನದ ಓಡಾಟದಲ್ಲಿ ಅದು ಗೊತ್ತಾಗದು. ಬೇಸಿಗೆಯ ಮಧ್ಯಾಹ್ನ, ತುಂಬಿದ ಕಾರಿನಲ್ಲಿ, ಎಕ್ಸ್‌ಪ್ರೆಸ್‌ವೇಯಲ್ಲಿ ಎಡೆಬಿಡದೆ ನೂರರ ವೇಗದಲ್ಲಿ ಓಡಿದಾಗ ಟೈರು ಸಿಡಿಯುತ್ತದೆ. ಇನ್ನೊಂದು ಮಾತು: ಅಮೆರಿಕದ ನಿಯಮದಂತೆ ಒತ್ತಡ ನಿಗದಿಗಿಂತ ನೂರಕ್ಕೆ 25ರಷ್ಟು ಇಳಿದಾಗ ದೀಪ ಹೊತ್ತಿದರೆ ಸಾಕು. 33 ಇರಬೇಕಾದದ್ದು 27ಕ್ಕೆ ಇಳಿದರೂ ಅಂಥ ಕಾರಿನಲ್ಲಿ ದೀಪ ಸುಮ್ಮನಿರಬಹುದು. ದೀಪ ಆರಿದೆ ಎಂದರೆ ಗಾಳಿ ಸರಿಯಿದೆ ಎಂದಲ್ಲ.

ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ ಇದು. ಗೇಜ್ ಒಂದನ್ನು ಕೊಂಡುಕೊಳ್ಳಿ. ತಿಂಗಳಿಗೊಮ್ಮೆ ಮತ್ತು ಪ್ರತಿ ದೂರಪ್ರಯಾಣದ ಬೆಳಗ್ಗೆ, ಟೈರು ತಣ್ಣಗಿರುವಾಗ, ಬಾಗಿಲಿನ ಚೀಟಿಯ ಅಂಕಿಗೆ ಹೋಲಿಸಿ ನೋಡಿ. ಆರದ ದೀಪದ ಮೇಲೆ ಪಟ್ಟಿ ಅಂಟಿಸಬೇಡಿ, ರೀಸೆಟ್ ಒತ್ತಿ ಬಾಯಿ ಮುಚ್ಚಿಸಬೇಡಿ, ಅದರ ಜತೆ ತಿಂಗಳುಗಟ್ಟಲೆ ಹೊಂದಿಕೊಂಡು ಓಡಿಸಬೇಡಿ. ಸುಳ್ಳೆಂದು ನಾವು ಕಡೆಗಣಿಸಿದ ದೀಪ ನಿಜ ಹೇಳುವ ದಿನ ನಮಗೆ ಅದು ಕಾಣುವುದಿಲ್ಲ. ಆ ದಿನ ಕಾರಿನ ಹಿಂದಿನ ಸೀಟಿನಲ್ಲಿ ನಮ್ಮ ಮಕ್ಕಳು ಕೂತಿರಬಹುದು.